‘ನಗು ಬರಲಿಲ್ಲ’ ಎಂದ ಪ್ರೇಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರೇಕ್ಷಕರೇ,

ಬಸ್ಟರ್ ಕೀಟನ್‌ನ ಮೂಕಿ ಹಾಸ್ಯಚಿತ್ರ ‘ದಿ ಜನರಲ್’ ನೋಡಿದ ಮೇಲೆ ನೀವು ಹೇಳುವುದು ಹೆಚ್ಚಾಗಿ ಮೂರು ಮಾತು: ನಗು ಬರಲಿಲ್ಲ, ರೈಲಿನ ಓಟವನ್ನೇ ಎಳೆದಿದ್ದಾರೆ, ನಾಯಕ ತಪ್ಪು ಪಕ್ಷದಲ್ಲಿದ್ದಾನೆ. ಕೊನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊದಲೆರಡರ ಬಗ್ಗೆ ನಿಮ್ಮೊಡನೆ ವಾದವಿದೆ. ಅದಕ್ಕೇ ಈ ಪತ್ರ.

ನಿಮ್ಮ ಮಾತಿಗೆ ಸುಮಾರು ನೂರು ವರ್ಷದ ವಯಸ್ಸಾಗಿದೆ. 1927ರ ಫೆಬ್ರುವರಿಯಲ್ಲಿ ಚಿತ್ರ ನ್ಯೂಯಾರ್ಕಿನಲ್ಲಿ ತೆರೆಕಂಡಾಗ ಅಲ್ಲಿನ ಹಲವು ವಿಮರ್ಶಕರೂ ಹೀಗೇ ಮುಖ ಸಿಂಡರಿಸಿದ್ದರು. ಸುಮಾರು ಏಳೂವರೆ ಲಕ್ಷ ಡಾಲರ್ ಸುರಿದು ತೆಗೆದ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಐದು ಲಕ್ಷಕ್ಕೂ ಕಡಿಮೆ. ಅದರ ಬೆಲೆಯನ್ನು ಕೀಟನ್ ತನ್ನ ಸ್ವಾತಂತ್ರ್ಯದಿಂದ ತೆರಬೇಕಾಯಿತು. 1928ರಲ್ಲಿ ಅವನು ಎಂಜಿಎಂ ಕಂಪನಿಯ ಸಂಬಳದ ನಟನಾದ. ತನ್ನ ಬಾಳಿನ ದೊಡ್ಡ ತಪ್ಪು ಅದೇ ಎಂದು ಮುಂದೆ ಅವನೇ ಹೇಳಿಕೊಂಡ. ಆದರೆ 1972ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಗಾಗಿ ವಿಮರ್ಶಕರು ಆರಿಸಿದ ಜಗತ್ತಿನ ಹತ್ತು ಶ್ರೇಷ್ಠ ಚಿತ್ರಗಳಲ್ಲಿ ‘ದಿ ಜನರಲ್’ ಇತ್ತು. ಕೀಟನ್ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

ಈಗ ನಗುವಿನ ಮಾತು. ಸೈನ್ಯಕ್ಕೆ ಸೇರಿಸಿಕೊಳ್ಳದೆ, ಪ್ರೀತಿಸಿದವಳೂ ಮುಖ ತಿರುಗಿಸಿ ಹೋದಾಗ, ಕೀಟನ್ ನಟಿಸಿದ ಎಂಜಿನ್ ಡ್ರೈವರ್ ಜಾನಿ ಗ್ರೇ ತನ್ನ ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡದ ಮೇಲೆ ಕೂತುಬಿಡುತ್ತಾನೆ. ಎಂಜಿನ್ ಹೊರಡುತ್ತದೆ. ದಂಡ ಅವನನ್ನು ಮೇಲೆತ್ತುತ್ತದೆ, ಕೆಳಗಿಳಿಸುತ್ತದೆ, ಮತ್ತೆ ಎತ್ತುತ್ತದೆ. ದುಃಖದಲ್ಲಿ ಮುಳುಗಿದ ಅವನಿಗೆ ಅದರ ಪರಿವೆಯೇ ಇಲ್ಲ. ಆವಿ ತುಸು ಹೆಚ್ಚಾಗಿ ಚಕ್ರ ಗಿರ್ರನೆ ತಿರುಗಿದ್ದರೆ ಕೀಟನ್‌ನ ಪ್ರಾಣಕ್ಕೇ ಸಂಚಕಾರವಿತ್ತು. ಇಲ್ಲಿ ಹೊಟ್ಟೆ ಹಿಡಿದುಕೊಂಡು ನಗಬೇಕೆಂದು ನಾನು ಹೇಳುತ್ತಿಲ್ಲ. ಎದೆಯಲ್ಲಿ ಏನೋ ಅಲುಗಿ, ತುಟಿಯಂಚಿನಲ್ಲಿ ನಿಂತುಬಿಡುವ ನಗು ಇದು.

ಇನ್ನೊಂದು ಕಡೆ, ಓಡುವ ಎಂಜಿನ್ನಿನ ಮೂತಿಯ ಮೇಲೆ ಅವನು ಭಾರೀ ಸ್ಲೀಪರ್ ಮರವೊಂದನ್ನು ತಬ್ಬಿ ಕೂತಿದ್ದಾನೆ. ಮುಂದೆ ಹಳಿಯ ಮೇಲೆ ಅಂಥದೇ ಇನ್ನೊಂದು ಮರ ಅಡ್ಡ ಬಿದ್ದಿದೆ. ಕೈಯಲ್ಲಿದ್ದುದನ್ನು ಅದರ ತುದಿಗೆ ಗುರಿಯಿಟ್ಟು ಎಸೆಯುತ್ತಾನೆ. ಎರಡೂ ಚಿಮ್ಮಿ ಪಕ್ಕಕ್ಕೆ ಹಾರುತ್ತವೆ. ಮುಳ್ಳನ್ನು ಮುಳ್ಳಿನಿಂದ ತೆಗೆಯಬೇಕೆಂಬ ಮಾತಿಗೆ ಇದಕ್ಕಿಂತ ಸೊಗಸಾದ ಚಿತ್ರವನ್ನು ನಾನು ಕಂಡಿಲ್ಲ. ಇಲ್ಲಿ ಹಾಸ್ಯ ಹುಟ್ಟುವುದು ತೂಕ, ವೇಗ, ಗುರಿಗಳ ಲೆಕ್ಕದಿಂದ.

ಎಳೆದಿದ್ದಾರೆ ಎಂದಿರಿ. ದಯವಿಟ್ಟು ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಮೊದಲರ್ಧದಲ್ಲಿ ಶತ್ರುಗಳು ಕದ್ದ ಎಂಜಿನ್ನನ್ನು ಜಾನಿ ಒಬ್ಬನೇ ಬೆನ್ನಟ್ಟುತ್ತಾನೆ. ಎರಡನೆಯರ್ಧದಲ್ಲಿ ಅದೇ ಹಳಿಯ ಮೇಲೆ ಶತ್ರುಗಳು ಅವನನ್ನು ಬೆನ್ನಟ್ಟುತ್ತಾರೆ. ಆಗ ಅವನಿಗೆ ಒಡ್ಡಿದ್ದ ಅಡ್ಡಿಗಳನ್ನು ಈಗ ಅವನು ಅವರಿಗೆ ಒಡ್ಡುತ್ತಾನೆ. ಜೊತೆಗೆ ಅವನು ಪ್ರೀತಿಸಿದ ಅನಬೆಲ್ ಲೀ ಇದ್ದಾಳೆ. ಪ್ರಾಣ ಉಳಿಸಿಕೊಳ್ಳಲು ಎಂಜಿನ್ನಿಗೆ ಸೌದೆ ಬೇಕಾದ ಹೊತ್ತಿನಲ್ಲಿ, ತೂತಿದೆಯೆಂದು ಒಂದು ಮರದ ತುಂಡನ್ನು ಆಚೆ ಎಸೆಯುತ್ತಾಳೆ. ರೇಗಿದ ಜಾನಿ ಅವಳ ಕತ್ತು ಹಿಡಿದು ಅಲುಗಿಸುತ್ತಾನೆ, ಮರುಗಳಿಗೆಯಲ್ಲಿ ಮುತ್ತಿಡುತ್ತಾನೆ. ಅಷ್ಟು ಚಿಕ್ಕ ಜಾಗದಲ್ಲಿ ಒಂದು ಸಂಸಾರವೇ ನಡೆದುಹೋಗುತ್ತದೆ.

ಓಟದ ಕೊನೆಗೆ ಶತ್ರುಗಳ ರೈಲಿನೊಂದಿಗೆ ಕುಸಿಯುವ ಸೇತುವೆಯೂ ಆಟಿಕೆಯದಲ್ಲ. 1926ರ ಜುಲೈ 23ರಂದು, ಒರೆಗಾನ್‌ನ ಕಾಟೇಜ್ ಗ್ರೋವ್ ಬಳಿ, ಉರಿಯುತ್ತಿದ್ದ ಸೇತುವೆಯ ಮೇಲೆ ನಿಜವಾದ ಎಂಜಿನ್ನನ್ನೇ ಓಡಿಸಿ ನದಿಗೆ ಕೆಡವಿದರು. ಆ ಒಂದು ದೃಶ್ಯಕ್ಕೆ ತಗುಲಿದ್ದು ಸುಮಾರು 42,000 ಡಾಲರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕಾಗಿ ಎತ್ತುವ ತನಕ ಆ ಎಂಜಿನ್ ನದಿಯಲ್ಲೇ ಬಿದ್ದಿತ್ತು.

ಇನ್ನು ನಾನು ಒಪ್ಪುವ ಮಾತು. ಚಿತ್ರಕ್ಕೆ ಮೂಲವಾದದ್ದು ಅಮೆರಿಕದ ಉತ್ತರ–ದಕ್ಷಿಣಗಳ ಅಂತರ್ಯುದ್ಧದ ಒಂದು ನಿಜ ಘಟನೆ: 1862ರ ಏಪ್ರಿಲ್ 12ರಂದು ಜಾರ್ಜಿಯಾದಲ್ಲಿ ‘ಜನರಲ್’ ಎಂಬ ಎಂಜಿನ್ನನ್ನು ಅಪಹರಿಸಿದವರು ಉತ್ತರದವರು. ಅವರಲ್ಲಿ ಎಂಟು ಮಂದಿಯನ್ನು ಗಲ್ಲಿಗೇರಿಸಲಾಯಿತು. ಅಮೆರಿಕದ ಅತ್ಯುನ್ನತ ಸೇನಾ ಪದಕ ಮೊಟ್ಟಮೊದಲು ದೊರೆತದ್ದು ಆ ದಾಳಿಯಲ್ಲಿದ್ದವರಿಗೆ. ಕೀಟನ್ ಕಥೆಯನ್ನು ತಿರುಗಿಸಿ ದಕ್ಷಿಣದವನನ್ನು ನಾಯಕನಾಗಿಸಿದ. ಆ ಯುದ್ಧದ ಮೂಲದಲ್ಲಿದ್ದ ಗುಲಾಮಗಿರಿಯ ಸೊಲ್ಲೇ ಚಿತ್ರದಲ್ಲಿಲ್ಲ. ಇದು ಕಲೆ, ಸುಮ್ಮನಿರಿ ಎಂದು ಯಾರೂ ನಿಮ್ಮ ಬಾಯಿ ಮುಚ್ಚಿಸಬಾರದು.

ಆದರೆ ಹೀಗೇಕೆ ಮಾಡಿದ? ದಕ್ಷಿಣದವರನ್ನು ಖಳರನ್ನಾಗಿ ತೋರಿಸಿದರೆ ಪ್ರೇಕ್ಷಕರು ಒಪ್ಪುವುದಿಲ್ಲ ಎಂದೇ ಅವನು ಕಾರಣ ಕೊಟ್ಟಿದ್ದ. ವಿಧಿಯ ವಿಪರ್ಯಾಸ ನೋಡಿ: ಪ್ರೇಕ್ಷಕರ ಅಭಿಪ್ರಾಯಕ್ಕೆ ಅಂಜಿ ಮಾಡಿದ್ದೇ ಇಂದು ಚಿತ್ರದ ದೊಡ್ಡ ಕಳಂಕ, ಆ ಅಂಜಿಕೆಯಿಲ್ಲದೆ ಮಾಡಿದ್ದನ್ನು ಪ್ರೇಕ್ಷಕರು ತಿರಸ್ಕರಿಸಿದರು, ಚಿತ್ರ ಬದುಕಿರುವುದು ಅದರಿಂದಲೇ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಈ ಚಿತ್ರದ ಮಸುಕು ಪ್ರತಿಗಳು ಎಲ್ಲೆಲ್ಲೂ ಸಿಗುತ್ತವೆ. ಅವನ್ನು ಬಿಟ್ಟು, ಶುಚಿಗೊಳಿಸಿದ ಪ್ರತಿಯೊಂದನ್ನು ಹುಡುಕಿ ಇನ್ನೊಮ್ಮೆ ನೋಡಿ. ನಗು ಬಂತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳುತ್ತಾ ಕೂರಬೇಡಿ. ಆ ದಂಡದ ಮೇಲೆ ಏರಿಳಿಯುವ ಮುಖವನ್ನು ಸುಮ್ಮನೆ ನೋಡಿ. ಅದು ನಗುವುದಿಲ್ಲ, ನಗಿರೆಂದು ಬೇಡುವುದೂ ಇಲ್ಲ. ಆಮೇಲೂ ಹಿಡಿಸದಿದ್ದರೆ ಹಿಡಿಸಲಿಲ್ಲವೆಂದೇ ಹೇಳಿ. ಆ ಮಾತಿಗೆ ತಲೆಬಾಗುತ್ತೇನೆ.

ಇಂತಿ,
ನಿಮ್ಮ ಸಾಲಿನಲ್ಲೇ ಕೂತ ಒಬ್ಬ ಪ್ರೇಕ್ಷಕ