ಸಶಿಶು ವನವಾಸ: ಒಂದು ತೌಲನಿಕ ಅಧ್ಯಯನ

ನಮ್ಮ ಕಾವ್ಯ ಪುರಾಣಗಳಲ್ಲಿ ವನವಾಸಕ್ಕೇನೂ ಬರವಿಲ್ಲ. ಆದರೆ ನಾಲ್ಕು ವರ್ಷದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಖುಷಿಯಿಂದ ಕಾಡಿಗೆ ಹೊರಟ ನಾಯಕ ಹುಡುಕಿದರೂ ಸಿಗುವುದಿಲ್ಲ. ಈ ಮಹಾಮೌನದ ಬಗ್ಗೆ ವಿದ್ವತ್ ಲೋಕ ತಲೆ ಕೆಡಿಸಿಕೊಂಡಂತಿಲ್ಲ. ರಾಮ ಹದಿನಾಲ್ಕು ವರ್ಷ ಕಾಡಿನಲ್ಲಿದ್ದ. ಲವಕುಶರು ಹುಟ್ಟಿದ್ದು ಅವನು ಊರಿಗೆ ಮರಳಿ ಪಟ್ಟವೇರಿದ ಮೇಲೆ. ಆ ಮಕ್ಕಳು ಬೆಳೆದದ್ದೇನೋ ಕಾಡಿನಲ್ಲೇ, ಆದರೆ ಆಗ ಅಪ್ಪ ಅರಮನೆಯಲ್ಲಿದ್ದ. ಪಾಂಡವರು ಇನ್ನೂ ಜಾಣರು. ಉಪಪಾಂಡವರನ್ನು ದ್ವಾರಕೆಯಲ್ಲಿ ಸುಭದ್ರೆಯ ಸುಪರ್ದಿಗೆ ಬಿಟ್ಟು, ಹನ್ನೆರಡು ವರ್ಷ ನಿಶ್ಚಿಂತೆಯಿಂದ ಕಷ್ಟಪಟ್ಟರು. ಘಟೋತ್ಕಚನನ್ನು ಮುಂದಿಟ್ಟು ಕೆಲವರು ಆಕ್ಷೇಪ ಎತ್ತಬಹುದು. ಅವನು ಕಾಡಿನಲ್ಲೇ ಹುಟ್ಟಿದವನು, ಗಂಧಮಾದನದ ದಾರಿಯಲ್ಲಿ ಸುಸ್ತಾಗಿ ಕುಸಿದ ದ್ರೌಪದಿಯನ್ನು ಹೊತ್ತು ನಡೆದವನು. ಆದರೆ ರಾಕ್ಷಸ ಕುಲದ ರೂಢಿಯಂತೆ ಹುಟ್ಟಿದ ಕೂಡಲೇ ಪ್ರಾಯಕ್ಕೆ ಬಂದವನು. “ಎತ್ಕೋ” ಎನ್ನುವ ವಯಸ್ಸನ್ನೇ ಹಾರಿಬಿಟ್ಟವನನ್ನು ಪ್ರಮಾಣವಾಗಿ ಒಪ್ಪಲಾಗದು.

ಉಳಿಯುವವನು ಹರಿಶ್ಚಂದ್ರ ಒಬ್ಬನೇ. ಹೆಂಡತಿ, ಪುಟ್ಟ ಮಗ ಲೋಹಿತಾಶ್ವ, ಕಾಲ್ನಡಿಗೆ, ಕಾಶಿಯವರೆಗೆ. ರಾಘವಾಂಕನ ಕಾವ್ಯದಲ್ಲಿ ಈ ಸಂಸಾರದ ಬೆನ್ನಿಗೆ ವಿಶ್ವಾಮಿತ್ರ ಸಾಲ ವಸೂಲಿಗೆಂದು ನಕ್ಷತ್ರಿಕನನ್ನು ಹಚ್ಚುತ್ತಾನೆ. ದಾರಿಯುದ್ದಕ್ಕೂ ಅವನು ಕೊಟ್ಟ ಕಾಟ ಕನ್ನಡಿಗರ ಬಾಯಲ್ಲಿ ಇಂದಿಗೂ ಮಾತಾಗಿ ಉಳಿದಿದೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಲೋಹಿತಾಶ್ವ ಮತ್ತು ನಕ್ಷತ್ರಿಕ ಎಂಬ ಎರಡು ಪಾತ್ರಗಳು ಆಧುನಿಕ ಕಾಲದಲ್ಲಿ ಒಂದೇ ದೇಹವನ್ನು ಹೊಕ್ಕು, ಬೆಲ್ಟು ಬಿಗಿಸಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಕೂತಿವೆ.

ಕ್ಷೇತ್ರಕಾರ್ಯಕ್ಕೆ ದಸರಾ ರಜೆಯನ್ನೂ, ಬೆಂಗಳೂರಿನಿಂದ ಸುಮಾರು 460 ಕಿ.ಮೀ. ದೂರದ ದಾಂಡೇಲಿಯನ್ನೂ ಆರಿಸಿಕೊಳ್ಳಲಾಯಿತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಮೀಸಲು ಎನಿಸಿಕೊಂಡು 2015ರಲ್ಲಿ ಕಾಳಿ ಎಂದು ಹೆಸರು ಬದಲಿಸಿಕೊಂಡ ಕಾಡು ಅಲ್ಲಿದೆ, ನದಿ ಇದೆ, ಮಂಗಟ್ಟೆ ಹಕ್ಕಿಗಳಿವೆ. ಟೆಂಟಿನಲ್ಲಿ ಮಲಗಿದ ಮಗುವಿಗೆ ಪ್ರಕೃತಿ ತಾನಾಗಿ ಅರ್ಥವಾಗುತ್ತದೆ ಎಂಬುದು ತಂದೆಯ ಮತ. ಇದಕ್ಕೆ ಆಧಾರ ಕೇಳಿದಾಗ ಅವರು ಯಾರದೋ ಫೋಟೋ ತೋರಿಸಿದರು.

ಮೊದಲು ಡಿಕ್ಕಿಯ ಸ್ತರವಿನ್ಯಾಸವನ್ನು ಗಮನಿಸಬೇಕು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಅಗೆದು, ಕೆಳಗೆ ಕಲ್ಗೊಡಲಿಯವರು, ಅವರ ಮೇಲೆ ಬೃಹತ್ ಶಿಲಾ ಗೋರಿಗಳವರು ಎಂದು ಕಾಲಾನುಕ್ರಮ ಕಟ್ಟಿಕೊಟ್ಟರು. ಅದೇ ವಿಧಾನ ಇಲ್ಲಿಯೂ ಸಲ್ಲುತ್ತದೆ. ಎಲ್ಲಕ್ಕಿಂತ ಕೆಳಗಿನ ಪದರದಲ್ಲಿ ಟೆಂಟು, ಅಂದರೆ ತಲುಪಿದ ಕೂಡಲೇ ಬೇಕಾಗುವ ವಸ್ತು. ಅದರ ಮೇಲೆ ಚಾಪೆ, ರಗ್ಗು, ಪುಳಿಯೋಗರೆ ಗೊಜ್ಜು, ಸಾರಿನಪುಡಿ, ಮೂರು ಲೀಟರಿನ ಕುಕ್ಕರು. ನಡುವಿನ ಪದರದಲ್ಲಿ ಅಜ್ಜಿ ಕೊಟ್ಟ ಚಕ್ಕುಲಿಯ ಸ್ಟೀಲ್ ಡಬ್ಬಿ. ಮೇಲಿನ ಪದರ ಪೂರ್ತಿಯಾಗಿ ಮಗುವಿನ ನಾಗರಿಕತೆಗೆ ಸೇರಿದ್ದು. ಅದರಲ್ಲಿ ಚಕ್ರ ಕಳಚಿದ ಹಳದಿ ಜೆಸಿಬಿಯೊಂದು ಇತ್ತು. ಅದನ್ನು ಮರೆತು ತುಮಕೂರು ದಾಟಿದ್ದರೆ ಹಿಂದಕ್ಕೆ ಬರಬೇಕಾಗುತ್ತಿತ್ತು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಒಟ್ಟಿನಲ್ಲಿ, ಮನೆಯಿಂದ ನಾಲ್ಕು ದಿನ ದೂರವಿರಲು ಹೊರಟವರು ಗೋಡೆಗಳನ್ನು ಬಿಟ್ಟು ಮಿಕ್ಕ ಮನೆಯನ್ನೆಲ್ಲ ಹೇರಿಕೊಂಡಿದ್ದರು.

ನಕ್ಷತ್ರಿಕ ಲಕ್ಷಣವಾದ “ಬಂತಾ?” ಎಂಬ ಪ್ರಶ್ನೆ ಮೊದಲು ದಾಖಲಾದದ್ದು ನೆಲಮಂಗಲಕ್ಕೂ ಈಚೆಗೆ. ಇಲ್ಲೊಂದು ಸೂಕ್ಷ್ಮವಿದೆ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲಿನ ನಕ್ಷತ್ರಿಕ ಮುಖ ತೋರಿಸದೆಯೇ ವಸೂಲಿ ಮಾಡಿಕೊಳ್ಳುತ್ತಾನೆ. ಹಿಂದಿನ ಸೀಟಿನವನಿಗೆ ಮಾತ್ರ ಇನ್ನೂ ನಗದೇ ಆಗಬೇಕು, ಅದೂ ಚಾಕೊಲೇಟಿನ ರೂಪದಲ್ಲಿ. ಶಿರಾದಲ್ಲಿ ಒಂದು ಕಂತು, ಹಿರಿಯೂರಿನಲ್ಲಿ ಮತ್ತೊಂದು. ಏಳು ಸುತ್ತಿನ ಕೋಟೆ ಬಂದಾಗ ಓಬವ್ವನ ಕಥೆ ಹೇಳಿ ಕಂತು ಮುಂದೂಡುವ ಪ್ರಯತ್ನ ನಡೆಯಿತು. ಆದರೆ ಮಗುವಿನ ಕಣ್ಣು ಗುಡ್ಡದ ಮೇಲೆ ಸಾಲಾಗಿ ತಿರುಗುತ್ತಿದ್ದ ಗಾಳಿಯಂತ್ರಗಳ ಮೇಲಿತ್ತು.

“ಅಷ್ಟೊಂದು ಫ್ಯಾನ್ ಯಾರು ಹಾಕಿದ್ದು?”

“ಅದು ಫ್ಯಾನ್ ಅಲ್ಲ ಕಂದ, ಕರೆಂಟು ಮಾಡೋದು.”

“ರೂಮಲ್ಲಿ ಯಾರೂ ಇಲ್ವಲ್ಲ, ಆಫ್ ಮಾಡ್ಬೇಕು ತಾನೇ?”

ವಿದ್ಯುತ್ ಉಳಿತಾಯದ ಕುರಿತು ಮನೆಯಲ್ಲಿ ದಿನನಿತ್ಯ ನಡೆಯುವ ಉಪನ್ಯಾಸದ ಫಲಶ್ರುತಿ ಇದು. ಒದಗಿದ ಯಾವ ಉತ್ತರವೂ ಪೂರ್ವಪಕ್ಷವನ್ನು ಖಂಡಿಸಲಿಲ್ಲ.

ದಾವಣಗೆರೆಯ ಬೆಣ್ಣೆದೋಸೆಯ ಬಗ್ಗೆ ಪ್ರತ್ಯೇಕ ಪ್ರಬಂಧ ಬೇಕು. ಇಲ್ಲಿ ಹೇಳಬೇಕಾದದ್ದು, ಅದು ಹಳಿಯಾಳ ದಾಟಿದ ಮೇಲೆ ಹಿಂದಿರುಗಿ ಬಂತು ಎಂಬುದಷ್ಟೇ. ಕಾರಣ ಶಾಸ್ತ್ರಸಮ್ಮತವಾದದ್ದೇ. ಒಳಕಿವಿಯ ಸಮತೋಲನದ ಅಂಗ “ನಾವು ಓಡುತ್ತಿದ್ದೇವೆ” ಎಂದು ಸಾಕ್ಷಿ ನುಡಿಯುತ್ತದೆ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು “ಇಲ್ಲ, ಕೂತಲ್ಲೇ ಇದ್ದೇವೆ” ಎನ್ನುತ್ತದೆ. ಈ ವಾದದಲ್ಲಿ ತೀರ್ಪು ಕೊಡುವುದು ಹೊಟ್ಟೆ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಈ ಪೀಡೆ ಹೆಚ್ಚು. ಪರಿಹಾರದ ವಿಷಯದಲ್ಲಿ ನಿಂಬೆಹಣ್ಣು ಮೂಸುವ ಪಂಥ, ಶುಂಠಿ ಚೀಪುವ ಪಂಥ ಎಂದು ಎರಡಿವೆ. ಎರಡನ್ನೂ ಪಾಲಿಸಲಾಯಿತು. ಅಪ್ಪನ ಹೊಸ ಶರ್ಟು ಮೂರನೆಯ ಪಂಥವಾಗಿ ಕೆಲಸಕ್ಕೆ ಬಂತು.

ಪ್ರಯಾಣದ ಕುಟುಂಬರಚನೆಯನ್ನು ಅರಿಯಲು ಮಂಗಟ್ಟೆಯ ಬಾಣಂತನವನ್ನು ನೋಡಬೇಕು. ಹೆಣ್ಣು ಮರದ ಪೊಟರೆಯೊಳಗೆ ಸೇರಿಕೊಂಡು ಬಾಗಿಲನ್ನು ಹಿಕ್ಕೆಯಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ. ಗಂಡು ಹೊರಗಿನಿಂದ ಒಂದು ಸಣ್ಣ ಸೀಳಿನಲ್ಲಿ ಅತ್ತಿ, ಆಲದ ಹಣ್ಣುಗಳನ್ನು ಒಂದೊಂದಾಗಿ ದಾಟಿಸುತ್ತದೆ. ಹಿಂದಿನ ಸೀಟಿನಲ್ಲಿ ದಿಂಬು, ಬ್ಯಾಗು, ಒದ್ದೆ ಟವೆಲುಗಳ ನಡುವೆ ಹೂತುಹೋದ ತಾಯಿಗೆ ಎರಡು ಸೀಟುಗಳ ಸಂದಿಯಿಂದ ಬಿಸ್ಕತ್ತು ಬರುತ್ತಿತ್ತು. ವ್ಯತ್ಯಾಸ ಒಂದೇ. ಗಂಡು ಮಂಗಟ್ಟೆ “ಎಸಿ ಜಾಸ್ತಿ ಮಾಡ್ಲಾ?” ಎಂದು ಕೇಳುವುದಿಲ್ಲ.

ಶಿಬಿರ ಕಾಳಿಯ ದಡದಲ್ಲೇ ಇತ್ತು. ಟೆಂಟಿನ ಚೀಲದ ಮೇಲೆ ನಾಲ್ವರಿಗೆ ಎಂದು ಮುದ್ರಿಸಿತ್ತು. ಈ ನಾಲ್ವರು ಯಾರು? ಪಾಠವನ್ನು ಕೂಲಂಕಷವಾಗಿ ಪರಿಶೀಲಿಸಿದರೆ, ಕಾಯೋತ್ಸರ್ಗದಲ್ಲಿ ಸಿದ್ಧಿ ಪಡೆದ ನಾಲ್ವರು ಮುನಿಗಳೇ ಇರಬೇಕು ಅನ್ನಿಸುತ್ತದೆ. ಕಂಬಿಗಳನ್ನು ಜೋಡಿಸುವ ವಿಧಾನದಲ್ಲಿ ದಂಪತಿಗಳ ನಡುವೆ ಪಾಠಾಂತರ ತಲೆದೋರಿತು. ತಂದೆ ಯೂಟ್ಯೂಬನ್ನೂ ತಾಯಿ ಸಾಮಾನ್ಯಜ್ಞಾನವನ್ನೂ ಆಕರವಾಗಿ ಬಳಸಿದರು. ಕೊನೆಗೆ ಶಿಬಿರದ ಅಡುಗೆಯ ಹುಡುಗ, ಕೈಯಲ್ಲಿದ್ದ ಸೌಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಂದೂ ಮಾತಾಡದೆ ಟೆಂಟನ್ನು ನಿಲ್ಲಿಸಿ ಹೋದ.

ನದಿಯ ಬಳಿ ಮೊಸಳೆಗಳಿವೆ ಎಂಬ ಫಲಕವಿತ್ತು. ಮೇಲೆ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟ ಏರುತ್ತದೆ, ಹುಷಾರು ಎಂದೂ ಶಿಬಿರದವರು ಹೇಳಿದ್ದರು. ಫಲಕದ ಚಿತ್ರವನ್ನು ಮಗು ಬಹಳ ಹೊತ್ತು ಅಧ್ಯಯನ ಮಾಡಿ, “ಮೊಸಳೆಗೆ ಓದೋಕೆ ಬರತ್ತಾ?” ಎಂದು ಕೇಳಿತು. ಅಷ್ಟರಲ್ಲಿ ಎರಡು ಮಂಗಟ್ಟೆಗಳು ರೆಕ್ಕೆಯ ಸದ್ದು ಮಾಡುತ್ತ ತಲೆಯ ಮೇಲೇ ಹಾದುಹೋದವು. ಇಷ್ಟು ದೂರ ಬಂದದ್ದೇ ಇದಕ್ಕಾಗಿ! ತಂದೆ “ನೋಡು, ನೋಡು” ಎಂದು ಕೂಗಿದರು. ಮಗುವಿಗೆ ಪುರುಸೊತ್ತಿರಲಿಲ್ಲ. ಶಿಬಿರದ ನಾಯಿಮರಿ ಅದರ ಎಡಗಾಲಿನ ಚಪ್ಪಲಿಯ ಪಟ್ಟಿಯನ್ನು ಜಗಿಯುತ್ತಿತ್ತು; ಇದು ಕುಕ್ಕುರುಗಾಲಲ್ಲಿ ಕೂತು, ಬಲಗಾಲಿನದನ್ನೂ ಕಳಚಿ, ಅದರ ಮುಂದೆ ಗೌರವದಿಂದ ಇಡುತ್ತಿತ್ತು. ಪ್ರಕೃತಿ ಅರ್ಥವಾಗುತ್ತದೆ ಎಂಬ ಮೂಲಪ್ರತಿಜ್ಞೆ ಸಿದ್ಧವಾಯಿತೋ ಬಿದ್ದುಹೋಯಿತೋ ಎಂಬ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ಪ್ರಸ್ತುತ ಲೇಖಕರು ನಾಯಿಮರಿಯ ಪಕ್ಷ.

ರಾತ್ರಿಯ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಜೀರುಂಡೆಗಳ ಸದ್ದಿಗೆ “ಅದನ್ನ ಆಫ್ ಮಾಡಿ” ಎಂಬ ಅಪ್ಪಣೆಯಾಯಿತು. ಮಗು ಅಡ್ಡಡ್ಡ ಮಲಗಿತು, ಮುನಿಗಳು ಅಂಚಿಗೆ ಸರಿದರು. ಒಂದಕ್ಕೆ ಹೋಗಬೇಕೆಂಬ ಪ್ರಕಟಣೆ ಎಲ್ಲ ಜಿಪ್ಪುಗಳನ್ನು ಎಳೆದು ಮುಗಿಸಿದ ಮರುಕ್ಷಣವೇ ಬರುತ್ತದೆ ಎಂಬ ನಿಯಮಕ್ಕೆ ಅಪವಾದ ಕಂಡುಬರಲಿಲ್ಲ.

ಮೌಖಿಕ ಪರೀಕ್ಷೆ ಬೆಂಗಳೂರಿನ ಮನೆಯ ಗೇಟಿನಲ್ಲೇ ನಡೆಯಿತು. ಬಾಹ್ಯ ಪರೀಕ್ಷಕರು ಅಜ್ಜಿ. ಹುಲಿ ಮೀಸಲು, ಅಣೆಕಟ್ಟು, ಮಂಗಟ್ಟೆ ಯಾವುದರ ಮೇಲೂ ಪ್ರಶ್ನೆ ಬರಲಿಲ್ಲ. ಮಗುವಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಅಳೆದು, “ಇಳಿದುಹೋಗಿದೆ” ಎಂದರು. ಆಮೇಲೆ ತಾವೇ ಡಿಕ್ಕಿಯ ಉತ್ಖನನಕ್ಕೆ ಇಳಿದರು. ನಡುವಿನ ಪದರದಲ್ಲಿ ಚಕ್ಕುಲಿಯ ಡಬ್ಬಿ ಸಿಕ್ಕಿತು, ಮುಚ್ಚಳದ ಮೇಲೆ ಅವರೇ ಸುತ್ತಿ ಅಂಟಿಸಿದ್ದ ಟೇಪು ಹಾಗೇ ಇತ್ತು. ಇದಕ್ಕೆ ವಿವರಣೆ ಕೇಳಿದಾಗ ಸಂಶೋಧಕರಿಬ್ಬರೂ ಒಬ್ಬರು ಇನ್ನೊಬ್ಬರ ಹೆಸರನ್ನು ಆಕರವಾಗಿ ಸೂಚಿಸಿದರು.