ಬೇರೆ ಸ್ಕೂಲಿನ ಮಕ್ಕಳು

ನಮ್ಮ ಬಡಾವಣೆಯ ರಾಯರಿಗೆ ರಸ್ತೆಯ ಫಲಕಗಳೆಲ್ಲ ಕಂಠಪಾಠ. ಎಲ್‌ಎಲ್‌ಆರ್ ಪರೀಕ್ಷೆಗೆ ಹೊರಟ ಹುಡುಗರನ್ನು ಕೂರಿಸಿಕೊಂಡು ಪಾಠ ಹೇಳುವವರೂ ಅವರೇ. "ಕೆಂಪು ವೃತ್ತ ಅಂದ್ರೆ ಆಜ್ಞೆ, ಮೀರಿದ್ರೆ ದಂಡ. ಕೆಂಪಂಚಿನ ತ್ರಿಕೋನ ಎಚ್ಚರಿಕೆ. ಅದರೊಳಗೆ ಇಬ್ಬರು ಮಕ್ಕಳಿದ್ರೆ ಮುಂದೆ ಶಾಲೆ. ಒಬ್ಬನೇ ಮನುಷ್ಯ ಪಟ್ಟೆ ಮೇಲೆ ನಡೀತಿದ್ರೆ ಜೀಬ್ರಾ ಕ್ರಾಸಿಂಗ್. ಎರಡನ್ನೂ ಕಲಸಬೇಡಿ." ಹುಡುಗರು ಪಾಸಾಗುತ್ತಾರೆ.

ಬೆಳಿಗ್ಗೆ ಎಂಟೂಕಾಲಿಗೆ ಮಗಳನ್ನು ಶಾಲೆಗೆ ಬಿಡಲು ಕಾರು ಹತ್ತಿದ ರಾಯರೇ ಬೇರೆ. ದಾರಿಯಲ್ಲೊಂದು ಸರ್ಕಾರಿ ಶಾಲೆ. ಅದರ ತ್ರಿಕೋನವನ್ನು ಯಾವುದೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಅರ್ಧ ಮುಚ್ಚಿದೆ. ಪೂರ್ತಿ ಕಂಡಿದ್ದರೂ ಅಷ್ಟೇ ಅನ್ನಿ. ರಾಯರು ಅಲ್ಲಿಂದಲೇ ಹಾರ್ನ್ ಶುರುಮಾಡುತ್ತಾರೆ. ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ, 2000ದ ಶಬ್ದಮಾಲಿನ್ಯ ನಿಯಮಗಳಡಿ ಘೋಷಿಸಿದ್ದಾರೆ ಎಂದು ಪಕ್ಕದ ಸೀಟಿನಿಂದ ಹೇಳಿ ನೋಡಿದೆ.

"ಗೊತ್ತು ಬಿಡಿ ಸ್ವಾಮಿ. ಆದ್ರೆ ಫಲಕ ಇರೋದೇ ಎಚ್ಚರಿಕೆಗೆ. ಹಾರ್ನ್ ಹೊಡೀದಿದ್ರೆ ಮಕ್ಕಳನ್ನ ಎಚ್ಚರಿಸೋದು ಹ್ಯಾಗೆ?"

ಹಿಂದಿನ ಸೀಟಿನಿಂದ ಮಗಳು, "ಅಪ್ಪಾ, ನಿಧಾನ ಹೋಗು, ಬೋರ್ಡಲ್ಲಿ ಮಕ್ಕಳಿದ್ದಾರೆ" ಎಂದಳು.

"ಅವರು ಬೇರೆ ಸ್ಕೂಲಿನವರು, ಪುಟ್ಟಿ."

ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗಿನಲ್ಲಿ ದಾಟುವವರಿಗೆ ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಾವಳಿ ಹೇಳುತ್ತದೆ. ರಾಯರಿಗೇನೂ ತಕರಾರಿಲ್ಲ. ಮಕ್ಕಳು ಕಾಲಿಡುವ ಮೊದಲೇ ಕಾರು ದಾಟಿಸಿಬಿಟ್ಟರೆ ನಿಯಮ ಮುರಿಯುವ ಪ್ರಶ್ನೆಯೇ ಬರದು ಎಂಬುದು ಅವರ ವಾದ.

ಮಗಳ ಶಾಲೆ ಬಂತೋ, ಕಾರು ಆಮೆ. ನಾಲ್ಕೂ ಇಂಡಿಕೇಟರ್ ಹಾಕಿ ಸೀದಾ ಜೀಬ್ರಾ ಪಟ್ಟೆಯ ಮೇಲೆ ನಿಲ್ಲುತ್ತದೆ. ರಾಯರು ಇಳಿದು, ನಡುರಸ್ತೆಯಲ್ಲಿ ಅಂಗೈ ಚಾಚಿ, ಬರುತ್ತಿರುವ ಬಿಎಂಟಿಸಿ ಬಸ್ಸನ್ನೇ ತಡೆಯುತ್ತಾರೆ. "ಮಕ್ಕಳು ದಾಟ್ತಿರೋದು ಕಣ್ಣಿಗೆ ಕಾಣಲ್ವೇನ್ರೀ? ಬೋರ್ಡ್ ನೋಡಿ!"

ನಿಜಕ್ಕೂ ಕಾಣುವುದಿಲ್ಲ. ಕಾರಿನ ಮರೆಯಿಂದ ಬರುವ ಮೂರನೇ ಕ್ಲಾಸಿನ ಮಗು ಡ್ರೈವರನ ಕಣ್ಣಿಗೆ ಬೀಳುವುದು ಬಸ್ಸಿನ ಮುಂದಕ್ಕೇ ಬಂದಮೇಲೆ. ಕ್ರಾಸಿಂಗಿನ ಮೇಲೆ ಗಾಡಿ ನಿಲ್ಲಿಸಬಾರದೆಂಬ ನಿಯಮ ಹುಟ್ಟಿದ್ದೇ ಇದಕ್ಕೆ. ಡ್ರೈವರ್ ಪಾಪ ಸಭ್ಯ. "ನಿಮ್ಮ ಕಾರು ಸ್ವಲ್ಪ ಮುಂದೆ ತಗೊಳ್ಳಿ ಸಾರ್" ಎಂದ. ಜನಕ್ಕೆ ಟ್ರಾಫಿಕ್ ಜ್ಞಾನವೇ ಇಲ್ಲವೆಂದು ರಾಯರು ಸಂಜೆಯವರೆಗೆ ನೊಂದುಕೊಂಡರು.

ಈಗ ರಾಯರು ಕಾರ್ಪೊರೇಷನ್‌ಗೆ ಮನವಿ ಬರೆದಿದ್ದಾರೆ. ಮೊದಲ ಪುಟದಲ್ಲಿ, ಮಗಳ ಶಾಲೆಯ ಮುಂದೆ ಎರಡು ಹಂಪ್ಸ್ ತುರ್ತಾಗಿ ಬೇಕು. ಎರಡನೇ ಪುಟದಲ್ಲಿ, ಸರ್ಕಾರಿ ಶಾಲೆಯ ಮುಂದಿನ ಹಂಪ್ಸ್ ತೆಗೆಸಬೇಕು, ಕಾರಿನ ತಳ ತಾಗುತ್ತದೆ. ಸಹಿ ಕೇಳಿಕೊಂಡು ನಿಮ್ಮ ಮನೆಗೂ ಬರುತ್ತಾರೆ. ಕಾಫಿ ಕೊಡಿ, ಮೊದಲ ಪುಟಕ್ಕೆ ಧಾರಾಳವಾಗಿ ಸಹಿ ಹಾಕಿ, ಎರಡನೆಯದನ್ನು ಹರಿದು ನೀವೇ ಇಟ್ಟುಕೊಳ್ಳಿ.