ಅಡಕೆಗೆ ಹೋದ ಮಂಡಿ

ಫುಟ್‌ಬಾಲ್ ಕ್ಲಬ್ಬುಗಳಿಗೆ ಕೈಬಿಚ್ಚಿ ಖರ್ಚು ಮಾಡಲು ಬರುವುದಿಲ್ಲ ಎಂದು ಯಾರೂ ದೂರಬೇಡಿ. ಮ್ಯಾಂಚೆಸ್ಟರ್ ಸಿಟಿಯನ್ನೇ ನೋಡಿ. ಅಬುಧಾಬಿಯ ದುಡ್ಡು ಬರುವುದಕ್ಕೆ ಎಷ್ಟೋ ಮೊದಲು, 1979ರಲ್ಲೇ, ಸ್ಟೀವ್ ಡೇಲಿ ಎಂಬ ಆಟಗಾರನ ಮೇಲೆ 14 ಲಕ್ಷ ಪೌಂಡಿಗೂ ಹೆಚ್ಚು ಸುರಿದು ಬ್ರಿಟನ್ನಿನ ದಾಖಲೆ ಮುರಿದ ಮನೆತನ ಅದು. ಡೇಲಿ ಎರಡು ವರ್ಷವೂ ನಿಲ್ಲಲಿಲ್ಲ. ಇರಲಿ, ದೊಡ್ಡ ಮನೆಯಲ್ಲಿ ಇಂಥದ್ದೆಲ್ಲ ಇದ್ದದ್ದೇ. ಆದರೆ ಎಂಥ ದೊಡ್ಡ ಮನೆಯವರಿಗೂ ಕಾಸು ಕಾಸಿಗೆ ಲೆಕ್ಕ ಹಿಡಿಯಲು ಒಂದು ಜಾಗ ಬೇಕಾಗುತ್ತದೆ. ಸಿಟಿಗೆ ಅದು ಪಾಲ್ ಲೇಕ್‌ನ ಬಲಿಯಾದ ಮಂಡಿಯಲ್ಲಿ ಸಿಕ್ಕಿತು.

ಲೇಕ್ ಅಲ್ಲೇ ಪಕ್ಕದ ಡೆಂಟನ್ನಿನ ಹುಡುಗ, ಕ್ಲಬ್ಬಿನಲ್ಲೇ ಬೆಳೆದವನು. ಎಡವಟ್ಟಾದದ್ದೇ ಇಲ್ಲಿ. ದುಡ್ಡು ಕೊಟ್ಟು ತಂದವನಿಗಾದರೆ ಖಾತೆ ಪುಸ್ತಕದಲ್ಲಿ ಒಂದು ಬೆಲೆ ಇರುತ್ತದೆ. ಹಿತ್ತಲಲ್ಲಿ ಬೆಳೆದವನಿಗೆ ಯಾರು ಬೆಲೆ ಕಟ್ಟುತ್ತಾರೆ? ಎಲ್ಲಿ ನಿಲ್ಲಿಸಿದರೂ ಆಡುತ್ತಿದ್ದ, ರಕ್ಷಣೆಯ ನಡುವೆ ನಿಲ್ಲಿಸಿದರಂತೂ ಎದುರಾಳಿಗೆ ದಾರಿಯೇ ಇರುತ್ತಿರಲಿಲ್ಲ. 21ನೇ ವಯಸ್ಸಿಗೆ ಕ್ಯಾಪ್ಟನ್ ಪಟ್ಟ, ಐದು ವರ್ಷದ ಕರಾರು. 1990ರ ಸೆಪ್ಟೆಂಬರ್, ಆಸ್ಟನ್ ವಿಲಾ ವಿರುದ್ಧದ ಪಂದ್ಯ. ಚೆಂಡು ತಡೆಯಲು ಚಾಚಿದ ಕಾಲಿನ ಬೂಟು ಹುಲ್ಲಿಗೆ ಕಚ್ಚಿಕೊಂಡಿತು, ಮೈ ತಿರುಗಿತು, ಪಾದ ತಿರುಗಲಿಲ್ಲ. ತೊಡೆಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆಯನ್ನು ಹಿಡಿದಿಡುವ ಕ್ರೂಷಿಯೇಟ್ ಲಿಗಮೆಂಟು, ಬೆರಳು ಗಾತ್ರದ ಒಂದು ಹಗ್ಗ, ಹೋಯಿತು.

ಆಮೇಲೆ ಶಸ್ತ್ರಚಿಕಿತ್ಸೆ, ಬ್ಯಾಂಡೇಜು, ಮತ್ತೆ ಶಸ್ತ್ರಚಿಕಿತ್ಸೆ. ಒಮ್ಮೆ ಲಾಸ್ ಏಂಜಲೀಸ್‌ನ ತಜ್ಞರ ಹತ್ತಿರಕ್ಕೂ ಕಳಿಸಿದರು. ಉದಾರಿಗಳು! ವಾಪಸು ಬರುವಾಗ ಮಾತ್ರ ಎಕಾನಮಿ ಕ್ಲಾಸು. ಆತ್ಮಕಥೆಯಲ್ಲಿ ಲೇಕ್ ಬರೆದುಕೊಂಡಿದ್ದಾನೆ. ಆಗಷ್ಟೇ ಕೊಯ್ದು ಹೊಲಿದ ಮಂಡಿ, ಮುಂದಿನ ಸೀಟಿನ ಬೆನ್ನು, ಕೆಳಗೆ ಅಟ್ಲಾಂಟಿಕ್ ಸಾಗರ. ಸಾಗರಕ್ಕೆ ಕಾಲು ಚಾಚಲು ಎಷ್ಟು ಜಾಗ ನೋಡಿ! ಹತ್ತಾರು ಗಂಟೆ ಮಡಚಿದ ಮಂಡಿ ಊದಿದರೆ ಊದಲಿ, ಟಿಕೆಟ್ಟಿನಲ್ಲಿ ಉಳಿತಾಯವಾಯಿತಲ್ಲ.

ಅಷ್ಟರಲ್ಲಿ, 1991ರಲ್ಲಿ, ತೆರವಾದ ಜಾಗಕ್ಕೆ ಕೀತ್ ಕರ್ಲ್ ಬಂದ. ಆತನೂ ರಕ್ಷಕನೇ, ಮುಂದೆ ಕ್ಯಾಪ್ಟನ್ನೂ ಆದ. ಬೆಲೆ 25 ಲಕ್ಷ ಪೌಂಡು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ; ಇಲ್ಲಿ ಹೋದದ್ದು ಮಂಡಿ, ಆನೆಯನ್ನಂತೂ ಕೊಟ್ಟೇಬಿಟ್ಟರು. ಕರ್ಲ್ ಮೇಲೆ ನನಗೆ ಯಾವ ದೂರೂ ಇಲ್ಲ, ಪಾಪ, ಚೆನ್ನಾಗಿಯೇ ಆಡಿದ.

1992ರ ಆಗಸ್ಟ್‌ನಲ್ಲಿ ಹೊಸದಾಗಿ ಹುಟ್ಟಿದ ಪ್ರೀಮಿಯರ್ ಲೀಗಿಗೆ ಸ್ಕೈ ಟೀವಿಯವರು ಸೋಮವಾರ ರಾತ್ರಿಯ ಜಾತ್ರೆ ಶುರುಮಾಡಿದರು. ಮೊದಲ ಪಂದ್ಯವೇ ಸಿಟಿಯದು, ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ. ಕುಣಿತ, ಬಾಣ ಬಿರುಸು, ನಡುವೆ ಎರಡು ವರ್ಷ ಮನೆಯಲ್ಲಿ ಕೂತು ಎದ್ದುಬಂದ ಲೇಕ್. ಹೊಸ ಮಂಡಿಯನ್ನು ಹದವಾಗಿ ಪಳಗಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಆದರೆ ಪಂದ್ಯದ ವೇಳಾಪಟ್ಟಿಯನ್ನು ವೈದ್ಯರು ಬರೆಯುವುದಿಲ್ಲವಲ್ಲ. ಸೋಮವಾರ ಆಡಿದವನನ್ನು ಬುಧವಾರ ಮಿಡಲ್ಸ್‌ಬರೋದಲ್ಲಿ ಮತ್ತೆ ಇಳಿಸಿದರು. ಕೆಲವೇ ನಿಮಿಷ, ಅದೇ ಮಂಡಿ ಮತ್ತೆ ಕುಸಿಯಿತು. ಆಮೇಲೆ ಮೊದಲ ತಂಡಕ್ಕೆ ಅವನು ಆಡಲೇ ಇಲ್ಲ.

1996ರ ಜನವರಿಯಲ್ಲಿ, 27ನೇ ವಯಸ್ಸಿಗೆ ನಿವೃತ್ತಿ. ನಡುವಿನ ವರ್ಷಗಳಲ್ಲಿ ಒಬ್ಬನೇ ಜಿಮ್ಮಿನಲ್ಲಿ ಬೆವರು ಸುರಿಸಿದ್ದು, ಖಿನ್ನತೆಗೆ ಜಾರಿದ್ದು ಯಾವ ವಾರ್ಷಿಕ ವರದಿಗೂ ಬರುವ ಬಾಬತ್ತಲ್ಲ. ಬಳಿಕ ಫಿಸಿಯೋಥೆರಪಿ ಓದಿ, ಬೇರೆ ಬೇರೆ ಕ್ಲಬ್ಬುಗಳಲ್ಲಿ ಪರರ ಮಂಡಿ ರಿಪೇರಿ ಮಾಡಿಕೊಂಡಿದ್ದ. 2010ರಲ್ಲಿ, ಅರಬ್ ದುಡ್ಡಿನ ಸಿಟಿ ಕರೆದು ಸಮುದಾಯ ರಾಯಭಾರಿಯ ಹುದ್ದೆ ಕೊಟ್ಟಿತು. ಆ ಹೊತ್ತಿಗೆ ವಿಮಾನದ ಸೀಟಿಗೆ ಚೌಕಾಸಿ ಮಾಡುವ ಕಾಲ ಮುಗಿದಿತ್ತು.

ಅಂದಹಾಗೆ ಆ ಮಿತವ್ಯಯಿಗಳ ಲೆಕ್ಕದ ಜಾಣ್ಮೆ ಊರಿಗೆಲ್ಲ ಗೊತ್ತಾದದ್ದು ಲೇಕ್ ನಿವೃತ್ತನಾದ ನಾಲ್ಕೇ ತಿಂಗಳಿಗೆ. ಲೀಗಿನ ಕೊನೆಯ ದಿನ, ಲಿವರ್‌ಪೂಲ್ ವಿರುದ್ಧ 2–2. ಡ್ರಾ ಆದರೆ ಸಾಕು, ಉಳಿದುಕೊಳ್ಳುತ್ತೇವೆ ಎಂದು ಯಾರೋ ಕೂಡಿ ಕಳೆದು ಹೇಳಿದರು. ಸಿಟಿಯ ಆಟಗಾರ ಚೆಂಡನ್ನು ಮೂಲೆಯ ಬಾವುಟದ ಬಳಿ ಹಿಡಿದುಕೊಂಡು ಹೊತ್ತು ಕಳೆಯುತ್ತ ನಿಂತ. ಬದಲಿಯಾಗಿ ಹೊರಬಂದು ಬಟ್ಟೆಯನ್ನೂ ಬದಲಿಸಿದ್ದ ನಿಯಲ್ ಕ್ವಿನ್ ಅಂಚಿನುದ್ದಕ್ಕೂ ಓಡಿ, ಲೆಕ್ಕ ತಪ್ಪಿದೆ, ಗೋಲು ಬೇಕು ಎಂದು ಕಿರುಚಿದ. ಸಿಟಿ ಕೆಳಗಿನ ದರ್ಜೆಗೆ ಇಳಿಯಿತು.